ಸ್ವಯಂ ಶಿಕ್ಷಣ್ ಪ್ರಯೋಗ್

ಸ್ವಯಂ ಶಿಕ್ಷಣ್ ಪ್ರಯೋಗ್ ಮಹಾರಾಷ್ಟ್ರದ ಪುಣೆಯಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಒಂದು ಸ್ವಯಂಸೇವಾ ಸಂಸ್ಥೆ. ಗ್ರಾಮೀಣ ಮಹಿಳೆಯರನ್ನು ರೈತರನ್ನಾಗಿ, ಕಿರು ಉದ್ಯಮಿಗಳನ್ನಾಗಿ ಮತ್ತು ಸಮುದಾಯದ ನಾಯಕಿಯರನ್ನಾಗಿ ರೂಪಿಸಿ, ಅವರ ಮೂಲಕ ಹಳ್ಳಿಗಳು ಬರಗಾಲ ಹಾಗೂ ಹವಾಮಾನ ಬದಲಾವಣೆಯನ್ನು ಎದುರಿಸುವಂತೆ ಮಾಡುವುದು ಇದರ ಉದ್ದೇಶ. 1993ರ ಲಾತೂರ್ ಭೂಕಂಪದ ನಂತರದ ಪುನರ್ವಸತಿ ಕಾರ್ಯದಲ್ಲಿ ಬೆಳೆದುಬಂದ ಈ ಸಂಸ್ಥೆಯು 1998ರಲ್ಲಿ ನೋಂದಣಿಯಾಯಿತು. ಸಮಾಜ ಸೇವಕಿ ಪ್ರೇಮಾ ಗೋಪಾಲನ್ ಇದರ ಸ್ಥಾಪಕಿ. ಮಹಿಳಾ ರೈತರಿಗಾಗಿ ರೂಪಿಸಿದ ‘ಒಂದು ಎಕರೆ ಮಾದರಿ’ ಮತ್ತು ಶುದ್ಧ ಇಂಧನ ಸಾಧನಗಳ ಮಾರಾಟದಲ್ಲಿ ಮಹಿಳೆಯರನ್ನು ತೊಡಗಿಸಿದ ಕಾರ್ಯಕ್ರಮಗಳಿಗಾಗಿ ಸಂಸ್ಥೆಯು ಅಂತರರಾಷ್ಟ್ರೀಯ ಮನ್ನಣೆ ಪಡೆದಿದೆ.

ಭೌಗೋಳಿಕ ಹಿನ್ನೆಲೆ

ಸಂಸ್ಥೆಯ ಮುಖ್ಯ ಕಾರ್ಯಕ್ಷೇತ್ರ ಮಹಾರಾಷ್ಟ್ರದ ಮರಾಠವಾಡ ಪ್ರದೇಶ. ಇದು ಹಿಂದಿನ ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತು. ಇಲ್ಲಿನ ಲಾತೂರ್ ಮತ್ತು ಧಾರಾಶಿವ (ಹಿಂದಿನ ಉಸ್ಮಾನಾಬಾದ್) ಜಿಲ್ಲೆಗಳು ಕರ್ನಾಟಕದ ಗಡಿಗೆ ಹೊಂದಿಕೊಂಡಿವೆ. ಮಣ್ಣು, ಮಳೆ ಮತ್ತು ಬೆಳೆಗಳ ದೃಷ್ಟಿಯಿಂದ ಈ ಸೀಮೆಗೂ ಬೀದರ್, ಕಲಬುರಗಿ ಭಾಗಗಳಿಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ಮರಾಠವಾಡವು ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿದೆ. ಒಂದು ವರ್ಷ ಮಳೆ ಕೈಕೊಟ್ಟರೆ ಮುಂದಿನ ವರ್ಷ ಆಲಿಕಲ್ಲು ಮಳೆಯೋ ಅಕಾಲಿಕ ಮಳೆಯೋ ಬೆಳೆಯನ್ನು ಹಾಳುಮಾಡುವುದುಂಟು. 2012–13ರಲ್ಲಿ ಮತ್ತು 2014ರಿಂದ 2016ರ ಬೇಸಿಗೆಯವರೆಗೆ ಇಲ್ಲಿ ತೀವ್ರ ಬರಗಾಲವಿತ್ತು. 2016ರ ಏಪ್ರಿಲ್‌ನಲ್ಲಿ ಲಾತೂರ್ ನಗರಕ್ಕೆ ಮಿರಜ್‌ನಿಂದ ರೈಲಿನ ಮೂಲಕ ಕುಡಿಯುವ ನೀರನ್ನು ಸಾಗಿಸಬೇಕಾಯಿತು. ಜೋಳ, ಸಜ್ಜೆ ಮತ್ತು ಬೇಳೆಕಾಳುಗಳನ್ನು ಬೆಳೆಯುತ್ತಿದ್ದ ಹೊಲಗಳಲ್ಲಿ ಕ್ರಮೇಣ ಸೋಯಾ ಅವರೆ, ಹತ್ತಿ ಮತ್ತು ಕಬ್ಬು ನೆಲೆಯೂರಿದ್ದರಿಂದ, ಮಳೆ ತಪ್ಪಿದ ವರ್ಷ ಆದಾಯದೊಂದಿಗೆ ಮನೆಯ ಊಟಕ್ಕೂ ಕೊರತೆಯಾಗುವ ಸ್ಥಿತಿ ಉಂಟಾಯಿತು. ರೈತರ ಆತ್ಮಹತ್ಯೆಗಳಿಂದಲೂ ಈ ಪ್ರದೇಶ ದೇಶದ ಗಮನ ಸೆಳೆದಿದೆ.

ಇತಿಹಾಸ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆಯ ಮರುದಿನ, ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ಭೂಕಂಪ ಸಂಭವಿಸಿತು. ಕಲ್ಲು ಮತ್ತು ಮಣ್ಣಿನ ದಪ್ಪ ಗೋಡೆಗಳ ಮನೆಗಳು ಮಲಗಿದ್ದವರ ಮೇಲೆಯೇ ಕುಸಿದವು. ಸತ್ತವರ ಸಂಖ್ಯೆ ಹತ್ತು ಸಾವಿರದ ಸಮೀಪಕ್ಕೆ ಮುಟ್ಟಿತು. ಮಹಾರಾಷ್ಟ್ರ ಸರ್ಕಾರವು ವಿಶ್ವಬ್ಯಾಂಕಿನ ನೆರವಿನಿಂದ ಕೈಗೊಂಡ ಪುನರ್ವಸತಿ ಯೋಜನೆಯಲ್ಲಿ ಹಾನಿಗೊಳಗಾದ ಮನೆಗಳನ್ನು ಮನೆಯವರೇ ದುರಸ್ತಿ ಮಾಡಿಸಿಕೊಂಡು ಭದ್ರಪಡಿಸಿಕೊಳ್ಳುವ ಭಾಗವೊಂದಿತ್ತು. ಸರ್ಕಾರದ ಹಣ ಎಷ್ಟು, ಅದು ಯಾವ ಹಂತದಲ್ಲಿ ಬರುತ್ತದೆ, ಗೋಡೆಯನ್ನು ಹೇಗೆ ಬಲಪಡಿಸಬೇಕು ಎಂಬ ತಿಳಿವಳಿಕೆಯನ್ನು ಹಳ್ಳಿಗಳಿಗೆ ತಲುಪಿಸಲು ಸ್ಥಳೀಯ ಮಹಿಳೆಯರನ್ನು ‘ಸಂವಾದ ಸಹಾಯಕ’ರನ್ನಾಗಿ ನೇಮಿಸಲಾಯಿತು. ಮುಂಬಯಿಯ ಸ್ಪಾರ್ಕ್ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಪ್ರೇಮಾ ಗೋಪಾಲನ್ ಮತ್ತು ಅವರ ಸಂಗಡಿಗರು ಈ ಮಹಿಳೆಯರ ತರಬೇತಿಯ ಹೊಣೆ ಹೊತ್ತರು.

ಅದುವರೆಗೆ ಗ್ರಾಮಸಭೆಯಲ್ಲಿ ಮಾತನಾಡಿರದ ಮಹಿಳೆಯರು ಎಂಜಿನಿಯರುಗಳೊಂದಿಗೆ ಮತ್ತು ಅಧಿಕಾರಿಗಳೊಂದಿಗೆ ವ್ಯವಹರಿಸುವುದನ್ನು ಈ ಕೆಲಸದಲ್ಲಿ ಕಲಿತರು. ಮನೆ ಕಟ್ಟುವ ಕಾರ್ಯ ಮುಗಿದ ಮೇಲೂ ಅವರ ಗುಂಪುಗಳು ಚದುರಲಿಲ್ಲ. ಉಳಿತಾಯ ಮತ್ತು ಸಾಲ, ಆರೋಗ್ಯ, ನೀರು, ಜೀವನೋಪಾಯ ಮುಂತಾದ ವಿಷಯಗಳನ್ನು ಅವು ಕೈಗೆತ್ತಿಕೊಂಡವು. ಈ ಮಹಿಳೆಯರನ್ನು ‘ಸಖಿ’ಯರೆಂದು ಕರೆಯುವುದು ರೂಢಿಯಾಯಿತು. 2001ರ ಗುಜರಾತ್ ಭೂಕಂಪ ಮತ್ತು 2004ರ ಸುನಾಮಿಯ ಸಂದರ್ಭಗಳಲ್ಲಿ ಲಾತೂರಿನ ಅನುಭವವು ಕಚ್ಛ್ ಹಾಗೂ ತಮಿಳುನಾಡಿನ ಕರಾವಳಿಯ ಮಹಿಳೆಯರಿಗೂ ದೊರೆಯಿತು. ಮುಂದೆ ಸಂಸ್ಥೆಯು ಬಿಹಾರ ಮತ್ತು ಕೇರಳಗಳಲ್ಲಿಯೂ ಕೆಲಸ ಮಾಡಿತು.

ಒಂದು ಎಕರೆ ಮಾದರಿ

ಮರಾಠವಾಡದಲ್ಲಿ ಬಿತ್ತನೆ, ಕಳೆ ಕೀಳುವುದು, ಕೊಯ್ಲು ಮುಂತಾದ ಕೆಲಸಗಳಲ್ಲಿ ಹೆಚ್ಚಿನ ಪಾಲು ಮಹಿಳೆಯರದು. ಆದರೆ ಜಮೀನಿನ ದಾಖಲೆ ಸಾಮಾನ್ಯವಾಗಿ ಗಂಡಸರ ಹೆಸರಿನಲ್ಲಿರುತ್ತದೆ. ಯಾವ ಬೆಳೆ ಹಾಕಬೇಕು, ಎಷ್ಟು ಸಾಲ ಮಾಡಬೇಕು ಎಂಬುದನ್ನೂ ಅವರೇ ತೀರ್ಮಾನಿಸುತ್ತಾರೆ. ಈ ಸ್ಥಿತಿಯಲ್ಲಿ ಮಹಿಳೆಯು ಕುಟುಂಬದ ಜಮೀನಿನಲ್ಲಿ ಅರ್ಧ ಎಕರೆಯನ್ನೋ ಒಂದು ಎಕರೆಯನ್ನೋ ತನ್ನ ತೀರ್ಮಾನದಂತೆ ಸಾಗುವಳಿ ಮಾಡಲು ಮನೆಯವರಿಂದ ಕೇಳಿ ಪಡೆಯುವುದೇ ಈ ಮಾದರಿಯ ಮೊದಲ ಹೆಜ್ಜೆ. ಉಳಿದ ಜಮೀನಿನಲ್ಲಿ ವಾಣಿಜ್ಯ ಬೆಳೆ ಮುಂದುವರಿಯುವುದರಿಂದ ಮನೆಯವರು ಒಪ್ಪುವುದು ಸುಲಭವಾಗುತ್ತದೆ.

ಆ ಒಂದು ಎಕರೆಯಲ್ಲಿ ಜೋಳ, ಸಜ್ಜೆ, ತೊಗರಿ, ಹೆಸರು, ಉದ್ದು, ಕಡಲೆ, ಸೊಪ್ಪು ಮತ್ತು ತರಕಾರಿಗಳನ್ನು ಮಿಶ್ರವಾಗಿ ಅಥವಾ ಒಂದರ ನಂತರ ಒಂದರಂತೆ ಬೆಳೆಯಲಾಗುತ್ತದೆ. ಇವು ಬೇರೆ ಬೇರೆ ಕಾಲಕ್ಕೆ ಕೊಯ್ಲಿಗೆ ಬರುವುದರಿಂದ ಮಳೆಯ ಏರುಪೇರಿನಲ್ಲಿ ಒಂದು ಬೆಳೆ ಹೋದರೂ ಮತ್ತೊಂದು ಉಳಿಯುವ ಸಾಧ್ಯತೆ ಇರುತ್ತದೆ. ರಾಸಾಯನಿಕ ಗೊಬ್ಬರದ ಬದಲು ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ ಮತ್ತು ಸಗಣಿ-ಗಂಜಲದಿಂದ ತಯಾರಿಸಿದ ದ್ರವ ಗೊಬ್ಬರವನ್ನು ಬಳಸುತ್ತಾರೆ. ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ. ನೀರಿದ್ದಲ್ಲಿ ಹನಿ ಅಥವಾ ತುಂತುರು ನೀರಾವರಿಯನ್ನು ಅಳವಡಿಸಲಾಗುತ್ತದೆ. ಬೆಳೆದದ್ದು ಮೊದಲು ಮನೆಯ ಅಡುಗೆಗೆ, ಮಿಕ್ಕಿದ್ದು ಸಂತೆಗೆ ಎಂಬುದು ಮಾದರಿಯ ನಿಯಮ. ಒಳಸುರಿಗಳನ್ನು ಹೊರಗಿನಿಂದ ಕೊಳ್ಳುವುದು ಕಡಿಮೆಯಾದಂತೆ ಬೆಳೆ ನಷ್ಟವಾದಾಗ ತೀರಿಸಬೇಕಾದ ಸಾಲವೂ ಕಡಿಮೆಯಾಗುತ್ತದೆ.

ಹಸಿರು ಉದ್ಯಮಗಳು

ಒಂದು ಎಕರೆಯ ಕೃಷಿಯೊಂದಿಗೆ ಅದಕ್ಕೆ ಹೊಂದಿಕೊಂಡ ಕಿರು ಉದ್ಯಮಗಳನ್ನು ಬೆಳೆಸುವುದು ಸಂಸ್ಥೆಯ ಕಾರ್ಯವಿಧಾನ. ಎರೆಗೊಬ್ಬರ ತಯಾರಿಕೆ, ನಾಟಿ ಬೀಜಗಳ ಮಾರಾಟ, ಅಜೋಲಾ ಮೇವು, ಕೋಳಿ ಮತ್ತು ಆಡು ಸಾಕಣೆ, ಹೈನುಗಾರಿಕೆ, ಬೇಳೆ ಒಡೆಯುವುದು ಇವುಗಳಲ್ಲಿ ಮುಖ್ಯವಾದವು. ಕೋಳಿ ಮತ್ತು ಆಡುಗಳನ್ನು ತುರ್ತು ಸಂದರ್ಭದಲ್ಲಿ ಬಿಡಿಬಿಡಿಯಾಗಿ ಮಾರಬಹುದಾದ್ದರಿಂದ ಬರಗಾಲದಲ್ಲಿ ಅವು ಮಹಿಳೆಯ ಕೈಯಲ್ಲಿರುವ ನಗದಿನಂತೆ ಉಪಯೋಗಕ್ಕೆ ಬರುತ್ತವೆ.

ಜಮೀನು ತನ್ನ ಹೆಸರಿನಲ್ಲಿ ಇಲ್ಲದ ಮಹಿಳೆಗೆ ಬ್ಯಾಂಕಿನ ಕೃಷಿ ಸಾಲ ಸಿಗುವುದು ಕಷ್ಟ. ಆದ್ದರಿಂದ ಸ್ವಸಹಾಯ ಗುಂಪುಗಳ ಉಳಿತಾಯದ ಜೊತೆಗೆ ಸಖಿ ಸಮುದಾಯ ಕೋಶ್ ಎಂಬ ಕಿರುಸಾಲ ಸಂಸ್ಥೆಯನ್ನೂ ಸ್ಥಾಪಿಸಲಾಯಿತು. ತರಬೇತಿ, ಸಣ್ಣ ಬಂಡವಾಳ, ಮಾರುಕಟ್ಟೆಯ ಸಂಪರ್ಕ ಮತ್ತು ಮೊದಲೇ ನೆಲೆನಿಂತ ಉದ್ಯಮಿಯಿಂದ ಹೊಸಬಳಿಗೆ ಮಾರ್ಗದರ್ಶನ, ಈ ನಾಲ್ಕೂ ಒಟ್ಟಿಗೆ ಒದಗುವಂತೆ ಕಾರ್ಯಕ್ರಮವನ್ನು ಯೋಜಿಸಲಾಗಿದೆ.

ಧಾರಾಶಿವ ಜಿಲ್ಲೆಯ ಹಿಂಗಳಾಜವಾಡಿಯ ಕಮಲ್ ಕುಂಭಾರ್ ಈ ಜಾಲದಿಂದ ಬೆಳೆದ ಉದ್ಯಮಿಗಳಲ್ಲಿ ಹೆಸರಾದವರು. ಬಳೆ ವ್ಯಾಪಾರದಿಂದ ಆರಂಭಿಸಿದ ಅವರು ಸೌರದೀಪಗಳ ಮಾರಾಟ ಹಾಗೂ ಕೋಳಿ ಸಾಕಣೆಯಲ್ಲಿ ಯಶಸ್ವಿಯಾಗಿ ಇತರ ಮಹಿಳೆಯರಿಗೆ ತರಬೇತಿ ನೀಡಿದರು. ಅವರಿಗೆ ಕೇಂದ್ರ ಸರ್ಕಾರದ ನಾರಿ ಶಕ್ತಿ ಪುರಸ್ಕಾರ ದೊರೆತಿದೆ. ಅದೇ ಜಿಲ್ಲೆಯ ಗೋದಾವರಿ ಡಾಂಗೆ ಒಂದು ಎಕರೆ ಮಾದರಿಯನ್ನು ಹಳ್ಳಿಹಳ್ಳಿಗೆ ತಲುಪಿಸಿದ ನಾಯಕಿ. ಅವರ ಬದುಕನ್ನು ಕುರಿತು ಚಿತ್ರಕಥೆಯ ರೂಪದ ಪುಸ್ತಕವೊಂದು ಪ್ರಕಟವಾಗಿದೆ.

ಶುದ್ಧ ಇಂಧನ ಮತ್ತು ಊರ್ಜಾ ಒಲೆ

2006ರ ಸುಮಾರಿಗೆ ಸಂಸ್ಥೆಯು ಬಿ.ಪಿ. ಕಂಪನಿಯ ಸಹಭಾಗಿತ್ವದಲ್ಲಿ ‘ಊರ್ಜಾ’ ಎಂಬ ಹೊಗೆ ಕಡಿಮೆ ಮಾಡುವ ಒಲೆಯ ಮಾರಾಟವನ್ನು ಆರಂಭಿಸಿತು. ಈ ಒಲೆಯ ತಂತ್ರಜ್ಞಾನವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡಿತು. ಬ್ಯಾಟರಿಯಿಂದ ತಿರುಗುವ ಪುಟ್ಟ ಫ್ಯಾನು ಗಾಳಿಯೂದುವ ಇದರಲ್ಲಿ ಕೃಷಿ ತ್ಯಾಜ್ಯದಿಂದ ಮಾಡಿದ ಇಂಧನದ ಗುಳಿಗೆಗಳನ್ನು ಉರಿಸಲಾಗುತ್ತಿತ್ತು. ಹಳ್ಳಿಯ ಮಹಿಳೆಯರೇ ಒಲೆಯ ಪ್ರಾತ್ಯಕ್ಷಿಕೆ ನೀಡಿ, ಒಲೆ ಮತ್ತು ಗುಳಿಗೆಗಳನ್ನು ಮಾರುತ್ತಿದ್ದರು.

ವಿವಿಧ ವಿತರಕರ ಮೂಲಕ ಸುಮಾರು ನಾಲ್ಕು ಲಕ್ಷ ಊರ್ಜಾ ಒಲೆಗಳು ಮಾರಾಟವಾದವು. ಆದರೆ 2009ರಲ್ಲಿ ಬಿ.ಪಿ. ಈ ವ್ಯವಹಾರದಿಂದ ಹೊರಬಂದಿತು. ಕೃಷಿ ತ್ಯಾಜ್ಯಕ್ಕೆ ಬೇಡಿಕೆ ಹೆಚ್ಚಿ ಗುಳಿಗೆಗಳ ಬೆಲೆ ಏರಿದಾಗ ಬಹುಪಾಲು ಮನೆಗಳು ಸೌದೆ ಅಥವಾ ಅಡುಗೆ ಅನಿಲಕ್ಕೆ ತಿರುಗಿದವು. ಹೊಸದಾಗಿ ವ್ಯವಹಾರವನ್ನು ನಡೆಸುತ್ತಿದ್ದ ಕಂಪನಿಯು ಹೋಟೆಲು ಮುಂತಾದ ವಾಣಿಜ್ಯ ಗ್ರಾಹಕರ ಕಡೆಗೆ ಗಮನ ಹರಿಸಿತು. ಒಂದೇ ಕಂಪನಿಯ ಒಂದೇ ಸರಕನ್ನು ಅವಲಂಬಿಸಿದ ಗ್ರಾಮೀಣ ಉದ್ಯಮ ಎಷ್ಟು ದುರ್ಬಲವೆಂಬುದಕ್ಕೆ ಇದು ನಿದರ್ಶನವಾಯಿತು. ನಂತರದ ವರ್ಷಗಳಲ್ಲಿ ಸಖಿಯರು ಸೌರದೀಪ, ಸುಧಾರಿತ ಒಲೆ, ನೀರು ಶೋಧಕ ಮುಂತಾದ ಹಲವು ತಯಾರಕರ ಸಾಧನಗಳನ್ನು ಮಾರತೊಡಗಿದರು. ಅಮೆರಿಕದ ಯುಎಸ್‌ಏಡ್ ಸಂಸ್ಥೆಯ ನೆರವಿನಿಂದ ಈ ಕಾರ್ಯಕ್ರಮವು ಬಿಹಾರಕ್ಕೂ ವಿಸ್ತರಿಸಿತು.

ಪ್ರಶಸ್ತಿಗಳು

2016ರಲ್ಲಿ ಸಂಸ್ಥೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ನೀಡುವ ಈಕ್ವೇಟರ್ ಪ್ರಶಸ್ತಿ ಮತ್ತು ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಚಿವಾಲಯದ ‘ಮೊಮೆಂಟಮ್ ಫಾರ್ ಚೇಂಜ್’ ಮನ್ನಣೆ ದೊರೆತವು. ಪ್ರೇಮಾ ಗೋಪಾಲನ್ ಅವರು 2018ರಲ್ಲಿ ಶ್ವಾಬ್ ಪ್ರತಿಷ್ಠಾನ ಮತ್ತು ಜುಬಿಲಂಟ್ ಭಾರತೀಯ ಪ್ರತಿಷ್ಠಾನಗಳ ವರ್ಷದ ಸಾಮಾಜಿಕ ಉದ್ಯಮಿ ಪ್ರಶಸ್ತಿಗೆ ಪಾತ್ರರಾದರು. ಅವರು 2022ರಲ್ಲಿ ನಿಧನರಾದರು.

ಮಿತಿಗಳು ಮತ್ತು ಸವಾಲುಗಳು

ಒಂದು ಎಕರೆ ಮಾದರಿಯು ಸಾಗುವಳಿಯ ತೀರ್ಮಾನವನ್ನು ಮಹಿಳೆಗೆ ಕೊಡುತ್ತದೆಯೇ ಹೊರತು ಒಡೆತನವನ್ನಲ್ಲ. ಮಹಾರಾಷ್ಟ್ರದಲ್ಲಿ ‘ಸಾತ್‌ಬಾರಾ’ (7/12) ಎಂದು ಕರೆಯುವ, ಕರ್ನಾಟಕದ ಪಹಣಿಗೆ ಸಮಾನವಾದ ದಾಖಲೆಯಲ್ಲಿ ಹೆಸರಿಲ್ಲದಿದ್ದರೆ ಬೆಳೆ ಪರಿಹಾರ, ವಿಮೆ ಮತ್ತು ಸಹಾಯಧನಗಳು ಮಹಿಳೆಯ ಕೈ ಸೇರುವುದಿಲ್ಲ. ಮನೆಯವರ ಮನಸ್ಸು ಬದಲಾದರೆ ಅವಳು ಹದಗೊಳಿಸಿದ ಭೂಮಿ ಮತ್ತೆ ವಾಣಿಜ್ಯ ಬೆಳೆಗೆ ಹೋಗಬಹುದು. ಭೂಮಿಯೇ ಇಲ್ಲದ ಕೂಲಿಕಾರ ಕುಟುಂಬಗಳ ಮಹಿಳೆಯರು ಗುತ್ತಿಗೆಗೆ ನೆಲ ಹಿಡಿಯಬೇಕಾಗುತ್ತದೆ.

ಮನೆಗೆಲಸ ಮತ್ತು ಕೂಲಿಯ ಮೇಲೆ ಕೃಷಿ ಹಾಗೂ ವ್ಯಾಪಾರದ ಹೊಣೆಯೂ ಸೇರುವುದರಿಂದ ಮಹಿಳೆಯರ ದುಡಿಮೆಯ ಹೊರೆ ಹೆಚ್ಚುವ ಅಪಾಯವೂ ಇದೆ. ಸತತ ಎರಡು ಮೂರು ವರ್ಷ ಮಳೆ ತಪ್ಪಿ ಬಾವಿ, ಕೊಳವೆಬಾವಿಗಳು ಬತ್ತಿದಾಗ ಮಿಶ್ರ ಬೆಳೆಯೂ ಕೈಹಿಡಿಯಲಾರದು. ಅಂತರ್ಜಲದ ಬಳಕೆ ಮತ್ತು ಕಬ್ಬಿನ ವಿಸ್ತರಣೆ ಒಂದು ಹೊಲದ ಗಡಿಯೊಳಗೆ ಪರಿಹಾರವಾಗುವ ಸಮಸ್ಯೆಗಳಲ್ಲ. ಅವುಗಳಿಗೆ ಗ್ರಾಮ ಪಂಚಾಯಿತಿ ಮತ್ತು ಸರ್ಕಾರದ ಮಟ್ಟದ ನಿರ್ಧಾರಗಳು ಅಗತ್ಯ. ಗ್ರಾಮಸಭೆಗಳಲ್ಲಿ ಸಖಿಯರ ಪಾಲ್ಗೊಳ್ಳುವಿಕೆಗೆ ಸಂಸ್ಥೆಯು ಒತ್ತು ನೀಡುತ್ತ ಬಂದಿರುವುದು ಈ ಕಾರಣದಿಂದ ಮಹತ್ವ ಪಡೆಯುತ್ತದೆ.