88 ಕೆ.ಜಿ.ಯ ಗಡಿ: ಮೀರಾಬಾಯಿ ಚಾನು ಅವರ ಸ್ನ್ಯಾಚ್ ಮತ್ತು ಬಲದ ಸ್ಥಗಿತತೆಯ ಪ್ರಶ್ನೆ

2017ರಲ್ಲಿ ಅಮೆರಿಕದ ಅನಹೈಮ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಣಿಪುರದ ಮೀರಾಬಾಯಿ ಚಾನು 48 ಕೆ.ಜಿ. ವಿಭಾಗದ ಚಿನ್ನ ಗೆದ್ದರು. ಸ್ನ್ಯಾಚ್‌ನಲ್ಲಿ 85, ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ 109 ಕೆ.ಜಿ. ಎತ್ತಿದ್ದರು. 2021ರ ಏಪ್ರಿಲ್‌ನಲ್ಲಿ ತಾಷ್ಕೆಂಟ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಅವರ ಕ್ಲೀನ್ ಆ್ಯಂಡ್ ಜರ್ಕ್ 119ಕ್ಕೇರಿ ವಿಶ್ವದಾಖಲೆಯಾಯಿತು. ಅದೇ ದಿನ ಸ್ನ್ಯಾಚ್‌ನಲ್ಲಿ ಎತ್ತಿದ್ದು 86. ಒಂದು 10 ಕೆ.ಜಿ. ಬೆಳೆದಿತ್ತು, ಇನ್ನೊಂದು 1 ಕೆ.ಜಿ. ಹೀಗಿರುವಾಗ ಈ ಲಿಫ್ಟರ್‌ನ ಬಲ ನಿಂತುಹೋಗಿತ್ತು ಎನ್ನಲು ಬರುವುದಿಲ್ಲ. ನಿಂತದ್ದು ಬೇರೇನೋ. ಅದು ಏನೆಂದು ಗುರುತಿಸದೆ ತರಬೇತಿಯ ಭಾರವನ್ನಷ್ಟೇ ಹೆಚ್ಚಿಸುತ್ತ ಹೋಗುವುದು ನಿರರ್ಥಕ ಎಂಬುದು ಈ ಲೇಖನದ ವಾದ.

ಸ್ಥಗಿತತೆಯ ಸಾಮಾನ್ಯ ವಿವರಣೆ ಎಲ್ಲರಿಗೂ ಗೊತ್ತಿರುವಂಥದ್ದೇ. ಹೊಸದಾಗಿ ಭಾರ ಎತ್ತುವವರ ಬಲ ಮೊದಲ ವಾರಗಳಲ್ಲಿ ಬೇಗ ಏರುತ್ತದೆ. ಆಗ ಸ್ನಾಯು ಬೆಳೆಯುವುದಕ್ಕಿಂತ ಹೆಚ್ಚಾಗಿ, ಇರುವ ಸ್ನಾಯುವನ್ನು ಬಳಸಿಕೊಳ್ಳಲು ನರಮಂಡಲ ಕಲಿಯುತ್ತಿರುತ್ತದೆ. ಆಮೇಲಿನ ಏರಿಕೆಗೆ ಸ್ನಾಯುವೇ ದಪ್ಪಗಾಗಬೇಕು, ದೇಹದ ತೂಕವೂ ಹೆಚ್ಚಬೇಕು. ತೂಕದ ವಿಭಾಗಕ್ಕೆ ಕಟ್ಟುಬಿದ್ದವರಿಗೆ ಆ ದಾರಿ ಬಹುಮಟ್ಟಿಗೆ ಮುಚ್ಚಿರುತ್ತದೆ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಪಡೆದರು. 2022ರಲ್ಲಿ 61 ಕೆ.ಜಿ. ವಿಭಾಗದಲ್ಲಿ 269 ಎತ್ತಿ ಕಂಚು ಪಡೆದರು. ವಿಭಾಗಗಳ ಮರುವಿಂಗಡಣೆಯಿಂದ ಅವರಿಗೆ 5 ಕೆ.ಜಿ. ದೇಹತೂಕದ ಅವಕಾಶ ಸಿಕ್ಕಿತ್ತು. ಅದೇ ಬದಲಾವಣೆಯಲ್ಲಿ 48ರಿಂದ 49ಕ್ಕೆ ಬಂದ ಚಾನು ಅವರಿಗೆ ದಕ್ಕಿದ್ದು 1 ಕೆ.ಜಿ. ಮಾತ್ರ.

ಆದರೆ ದೇಹತೂಕದ ಮಿತಿಯೇ ಪೂರ್ತಿ ಕಾರಣವಾಗಿದ್ದರೆ ಎರಡೂ ಬಗೆಯ ಎತ್ತುವಿಕೆಗಳು ಒಟ್ಟಿಗೇ ನಿಲ್ಲಬೇಕಿತ್ತು. ಟೋಕಿಯೊ ಒಲಿಂಪಿಕ್ಸ್‌ನ ಅಂಕಿಗಳು ಇನ್ನೂ ಸ್ಪಷ್ಟ. ಚಿನ್ನ ಗೆದ್ದ ಚೀನಾದ ಹೌ ಝಿಹುಯಿ 94 ಮತ್ತು 116 ಎತ್ತಿದರೆ, ಬೆಳ್ಳಿಯ ಚಾನು 87 ಮತ್ತು 115. ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ 1 ಕೆ.ಜಿ. ಅಂತರ, ಸ್ನ್ಯಾಚ್‌ನಲ್ಲಿ 7. ಸಾಮಾನ್ಯವಾಗಿ ಸ್ನ್ಯಾಚ್ ಎಂಬುದು ಕ್ಲೀನ್ ಆ್ಯಂಡ್ ಜರ್ಕ್‌ನ ಸುಮಾರು ಶೇ. 80ರಷ್ಟಿರುತ್ತದೆ. ಹೌ ಅವರದು ಶೇ. 81, ಚಾನು ಅವರದು ಶೇ. 76, ತಾಷ್ಕೆಂಟ್‌ನಲ್ಲಂತೂ ಶೇ. 72. ಟೋಕಿಯೊದಲ್ಲಿ 89, 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 90 ಎತ್ತಲು ಅವರು ಪ್ರಯತ್ನಿಸಿ ವಿಫಲರಾದರು. ಗಡಿ ನಿಜವಾದದ್ದೇ, ಲೆಕ್ಕಾಚಾರದ ಎಚ್ಚರಿಕೆಯಿಂದ ಹುಟ್ಟಿದ್ದಲ್ಲ.

ಸ್ನ್ಯಾಚ್‌ನಲ್ಲಿ ಬಾರ್ ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲೆ ಹೋಗಬೇಕು. ಕ್ಲೀನ್‌ನಲ್ಲಿ ಭುಜದ ಮೇಲೆ ಕೂರಿಸಿ ಉಸಿರು ತೆಗೆದುಕೊಳ್ಳುವ ವಿರಾಮವುಂಟು, ಇಲ್ಲಿ ಇಲ್ಲ. ಕೈಗಳನ್ನು ಅಗಲವಾಗಿ ಹಿಡಿದು, ಕುಕ್ಕರುಗಾಲಿನಲ್ಲಿ ಬಾರ್‌ನಡಿ ನುಗ್ಗುವ ಆ ಕ್ಷಣದಲ್ಲಿ ಕಾಲಿನ ಬಲದಷ್ಟೇ ಭುಜದ ಸ್ಥಿರತೆಯೂ ಬೇಕು. ಭುಜ ಅಳುಕಿದರೆ ನುಗ್ಗುವಿಕೆ ತಡವಾಗುತ್ತದೆ, ಬಾರ್ ಮುಂದಕ್ಕೋ ಹಿಂದಕ್ಕೋ ಬೀಳುತ್ತದೆ. ಬೆನ್ನುನೋವಿನಿಂದ 2018ರ ಏಷ್ಯನ್ ಕ್ರೀಡಾಕೂಟ ತಪ್ಪಿಸಿಕೊಂಡಿದ್ದ ಚಾನು 2020ರಲ್ಲಿ ಅಮೆರಿಕಕ್ಕೆ ಹೋಗಿ ಫಿಸಿಯೊಥೆರಪಿಸ್ಟ್ ಆ್ಯರನ್ ಹಾರ್ಶಿಗ್ ಅವರ ಬಳಿ ಭುಜದ ಅಸಮತೋಲನಕ್ಕೆ ಚಿಕಿತ್ಸೆ ಪಡೆದದ್ದು ಈ ದೃಷ್ಟಿಯಿಂದ ಅರ್ಥಪೂರ್ಣ. ತೊಂದರೆ ಎಲ್ಲಿದೆಯೆಂದು ಹುಡುಕುವ ಕೆಲಸ ಅಲ್ಲಿ ಮೊದಲು ನಡೆಯಿತು. ನಮ್ಮ ಊರುಗಳ ಜಿಮ್‌ಗಳಲ್ಲಿ ಇದಕ್ಕೆ ಸಿಗುವ ಉತ್ತರ ಬಹುಶಃ ‘ಇನ್ನೊಂದು ಪ್ಲೇಟ್ ಹಾಕು’ ಎಂಬುದಾಗಿರುತ್ತಿತ್ತು. ಇಂಥ ಸ್ಥಗಿತತೆಗೆ ಭಾರದ ಸ್ಕ್ವಾಟ್‌ಗಿಂತ ಬಾರ್ ತಲೆಯ ಮೇಲಿಟ್ಟು ಮಾಡುವ ಸ್ಕ್ವಾಟ್, ನಡುವೆ ತಡೆದು ಎತ್ತುವ ಸ್ನ್ಯಾಚ್, ಆಗಾಗ ಭಾರ ಇಳಿಸಿದ ವಾರಗಳು ಹೆಚ್ಚು ಉಪಯುಕ್ತ.

ಅನುಪಾತದ ಅಳತೆಗೋಲನ್ನು ಕಣ್ಣುಮುಚ್ಚಿ ನಂಬುವುದೂ ಸಲ್ಲದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಾನು ಎತ್ತಿದ್ದು 88 ಮತ್ತು 111, ಅನುಪಾತ ಶೇ. 79ಕ್ಕೆ ಬಂದಿತ್ತು. ಕಾಗದದ ಮೇಲೆ ಕೊರತೆ ತುಂಬಿದಂತೆ ಕಾಣುತ್ತದೆ. ಆದರೆ ಸ್ನ್ಯಾಚ್ 88ರ ಗಡಿ ದಾಟಿರಲಿಲ್ಲ, ಕ್ಲೀನ್ ಆ್ಯಂಡ್ ಜರ್ಕ್ ತಾಷ್ಕೆಂಟ್‌ಗಿಂತ 8 ಕೆ.ಜಿ. ಇಳಿದಿತ್ತು. ಕಂಚು ಗೆದ್ದ ಥಾಯ್ಲೆಂಡಿನ ಲಿಫ್ಟರ್ ಕೂಡ ಸ್ನ್ಯಾಚ್‌ನಲ್ಲಿ 88ನ್ನೇ ಎತ್ತಿದ್ದರು. ಚಾನು ಅವರಿಗೆ ಪದಕ ಕೈತಪ್ಪಿಸಿದ 1 ಕೆ.ಜಿ. ಅಂತರ ಕ್ಲೀನ್ ಆ್ಯಂಡ್ ಜರ್ಕ್‌ನದು.