ಸಾಲು ಬರೆದದ್ದು 1820ರಲ್ಲಿ, ನಡೆದದ್ದು 1873ರಲ್ಲಿ



ಮುಂಬಯಿಯ ಫೋರ್ಟ್ ಕಡೆಗೆ ದಿನವೂ ಕೆಲಸಕ್ಕೆ ಹೋಗುವವರು ನಮ್ಮ ಕೇಳುಗರಲ್ಲಿ ಬಹಳ ಮಂದಿ ಇದ್ದೀರಿ. ಅಲ್ಲಿರುವ ನೌಕಾಪಡೆಯ ನೆಲೆಗೆ ಐಎನ್‌ಎಸ್ ಆಂಗ್ರೆ ಎಂದು ಹೆಸರು. ಈ ಆಂಗ್ರೆ ಯಾರೆಂದು ಎಂದಾದರೂ ಯೋಚಿಸಿದ್ದೀರಾ? ಮರಾಠರ ನೌಕಾದಳದ ಮುಖ್ಯಸ್ಥನಾಗಿದ್ದ ಕಾನ್ಹೋಜಿ ಆಂಗ್ರೆ, 1729ರಲ್ಲಿ ತೀರಿಕೊಂಡವನು. ಕೊಂಕಣದ ಕಡಲಿನಲ್ಲಿ ಓಡಾಡುವ ವ್ಯಾಪಾರಿ ಹಡಗುಗಳು ತನ್ನ ರಹದಾರಿ ಚೀಟಿ ಪಡೆಯಬೇಕೆಂದು ಆತ ಹೇಳುತ್ತಿದ್ದ. ಅದಕ್ಕೂ ಮುಂಚೆ ಪೋರ್ಚುಗೀಸರು ಇದೇ ಕಡಲಿನಲ್ಲಿ ಇಂಥದೇ ಚೀಟಿ ಕೊಟ್ಟು ಹಣ ವಸೂಲು ಮಾಡಿದ್ದರು. ಆದರೂ ಈಸ್ಟ್ ಇಂಡಿಯಾ ಕಂಪನಿಯ ಕಾಗದಪತ್ರಗಳಲ್ಲಿ ಕಡಲ್ಗಳ್ಳ ಎನಿಸಿಕೊಂಡವನು ಆಂಗ್ರೆಯೇ. ಇಂದು ಅವನ ಹೆಸರು ನಮ್ಮ ನೌಕಾಪಡೆಯ ಬಾಗಿಲ ಮೇಲಿದೆ.

ಯಾರನ್ನು ಕಡಲ್ಗಳ್ಳ ಎಂದು ಕರೆಯಬೇಕು ಎಂಬುದನ್ನು ಬರೆಯುವವರ ಕೈ ತೀರ್ಮಾನಿಸುತ್ತದೆ. ಈ ಮಾತನ್ನು ನೆನಪಿಟ್ಟುಕೊಂಡು, ಇದೇ ಮುಂಬಯಿ ಬಂದರಿನಿಂದ ಹೊರಟ ಇನ್ನೊಂದು ಕಥೆ ಕೇಳಿ. ಅದರಲ್ಲಿ ಕಡಲ್ಗಳ್ಳತನವಿದೆ, ಗುಲಾಮರ ವ್ಯಾಪಾರವಿದೆ, ಎರಡನ್ನೂ ಒಂದೇ ಸಾಲಿನಲ್ಲಿ ಸೇರಿಸಿ ಬರೆದ ಒಂದು ಒಪ್ಪಂದವಿದೆ.

1819ರ ನವೆಂಬರಿನಲ್ಲಿ ಮೇಜರ್ ಜನರಲ್ ವಿಲಿಯಂ ಗ್ರ್ಯಾಂಟ್ ಕೀರ್ ಎಂಬ ಅಧಿಕಾರಿಯ ಕೈಕೆಳಗೆ ಸುಮಾರು 3,000 ಸೈನಿಕರನ್ನು ಹೊತ್ತ ಹಡಗುಗಳು ಮುಂಬಯಿ ಬಿಟ್ಟವು. ಅವರಲ್ಲಿ ಇಂಗ್ಲಿಷ್ ಸೋಲ್ಜರುಗಳಿದ್ದರು, ನಮ್ಮ ದೇಶದ ಸಿಪಾಯಿಗಳೂ ಇದ್ದರು. ಹೊರಟದ್ದು ಪರ್ಷಿಯನ್ ಕೊಲ್ಲಿಯ ರಾಸ್ ಅಲ್ ಖೈಮಾ ಎಂಬ ಊರಿಗೆ. ಅಲ್ಲಿಯ ಖವಾಸಿಂ ಎಂಬ ಅರಬ್ ಜನ ಕಂಪನಿಯ ಹಡಗುಗಳನ್ನು ಹಿಡಿದು ದೋಚುತ್ತಾರೆ ಎಂಬುದು ದೂರು. 1809ರಲ್ಲೂ ಹೀಗೇ ಒಂದು ದಂಡು ಹೋಗಿ ಅವರ ಹಡಗುಗಳನ್ನು ಸುಟ್ಟು ಬಂದಿತ್ತು. ಈ ಸಲ ಡಿಸೆಂಬರ್ ತಿಂಗಳಲ್ಲೇ ಊರು ಬಿತ್ತು. ಜನವರಿ 1820ರಲ್ಲಿ ಅಲ್ಲಿಯ ಶೇಖರು ಒಬ್ಬೊಬ್ಬರಾಗಿ ಬಂದು ಒಪ್ಪಂದಕ್ಕೆ ಸಹಿ ಹಾಕತೊಡಗಿದರು.

ಖವಾಸಿಂ ಜನ ನಿಜವಾಗಿಯೂ ಕಡಲ್ಗಳ್ಳರೇ, ಅಥವಾ ವ್ಯಾಪಾರದಲ್ಲಿ ಕಂಪನಿಗೆ ಎದುರಾಳಿಗಳೇ? ಇದರ ಬಗ್ಗೆ ಇನ್ನೂ ವಾದವಿದೆ. ಆ ಮನೆತನದವರೇ ಆದ ಶಾರ್ಜಾದ ದೊರೆ ಸುಲ್ತಾನ್ ಬಿನ್ ಮುಹಮ್ಮದ್ ಅಲ್ ಖಾಸಿಮಿ ಅವರು 1986ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿ, ಕೊಲ್ಲಿಯ ಕಡಲ್ಗಳ್ಳತನ ಕಂಪನಿ ಕಟ್ಟಿದ ಕಥೆ ಎಂದು ವಾದಿಸಿದರು. ಅದಕ್ಕೆ ಅವರು ಆಧಾರವಾಗಿ ಹಿಡಿದದ್ದು ಮುಂಬಯಿಯ ಹಳೆಯ ಸರ್ಕಾರಿ ಕಡತಗಳನ್ನೇ! ಎಲ್ಲ ಇತಿಹಾಸಕಾರರೂ ಅವರ ಮಾತನ್ನು ಪೂರ್ತಿ ಒಪ್ಪಿಲ್ಲ. ಆದರೆ ದೂರು ಕೊಟ್ಟವರ ಮಾತನ್ನಷ್ಟೇ ಕೇಳಿ ತೀರ್ಪು ಬರೆಯುವ ಕಾಲ ಮುಗಿಯಿತು.

ಒಪ್ಪಂದದ ವಿಷಯಕ್ಕೆ ಬರೋಣ. ಅದನ್ನು ಬರೆದದ್ದರಲ್ಲಿ ಮುಖ್ಯ ಪಾತ್ರ ದಂಡಿನ ದುಭಾಷಿಯಾಗಿದ್ದ ಕ್ಯಾಪ್ಟನ್ ಪೆರೊನೆಟ್ ಥಾಮ್ಸನ್ ಎಂಬವನದು. ಈತ ಸ್ವಲ್ಪ ಬೇರೆ ತರಹದ ಮನುಷ್ಯ. 1808ರಲ್ಲಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ಗೆ ಗವರ್ನರ್ ಆಗಿ ಹೋಗಿದ್ದವನು. ಬಿಡುಗಡೆ ಹೊಂದಿದ ಗುಲಾಮರನ್ನು ಅಲ್ಲಿ ಹೇಗೆ ನಡೆಸಿಕೊಳ್ಳುತ್ತಾರೆಂದು ನೋಡಿ ಸಿಟ್ಟಿಗೆದ್ದು, ಜಗಳವಾಡಿ, ಕೆಲಸ ಕಳೆದುಕೊಂಡಿದ್ದವನು. ಅವನ ಕೈಯಲ್ಲಿ ಬಂದ ಈ ಒಪ್ಪಂದದ ಒಂಬತ್ತನೆಯ ಕಲಮಿನ ತಾತ್ಪರ್ಯ ಇಷ್ಟು: ಆಫ್ರಿಕಾದ ದಡದಿಂದಾಗಲಿ ಬೇರೆಲ್ಲಿಂದಾಗಲಿ ಗಂಡಸರು, ಹೆಂಗಸರು, ಮಕ್ಕಳನ್ನು ಗುಲಾಮರಾಗಿ ಹೊತ್ತೊಯ್ದು ಹಡಗಿನಲ್ಲಿ ಸಾಗಿಸುವುದು ಲೂಟಿ ಮತ್ತು ಕಡಲ್ಗಳ್ಳತನ, ಒಪ್ಪಂದಕ್ಕೆ ಸೇರಿದವರು ಇದನ್ನು ಮಾಡತಕ್ಕದ್ದಲ್ಲ.

ಆ ಕಾಲಕ್ಕೆ ಇದು ದೊಡ್ಡ ಮಾತು. ಗುಲಾಮರ ಸಾಗಣೆ ಕಡಲ್ಗಳ್ಳತನಕ್ಕೆ ಸಮ ಎಂಬ ಕಾನೂನನ್ನು ಲಂಡನ್ನಿನ ಪಾರ್ಲಿಮೆಂಟು ಮಾಡಿದ್ದು 1824ರಲ್ಲಿ. ಮುಂಬಯಿಯಿಂದ ಹೋದ ಒಂದು ದಂಡಿನ ಡೇರೆಯಲ್ಲಿ ಅದೇ ಮಾತು ನಾಲ್ಕು ವರ್ಷ ಮೊದಲೇ ಬರೆದಾಗಿತ್ತು.

ಹಾಗಾದರೆ ವ್ಯಾಪಾರ ನಿಂತಿತೇ? ಇಲ್ಲ. ಅಧಿಕಾರಿಗಳು ಆ ಸಾಲನ್ನು ಬಲು ಇಕ್ಕಟ್ಟಾಗಿ ಓದಿದರು. ಬಲಾತ್ಕಾರವಾಗಿ ಜನರನ್ನು ಹಿಡಿದೊಯ್ದರೆ ಮಾತ್ರ ಅದು ಕಡಲ್ಗಳ್ಳತನ. ಸಂತೆಯಲ್ಲಿ ಹಣ ಕೊಟ್ಟು ಕೊಂಡು ತಂದರೆ ಅದು ವ್ಯಾಪಾರ ಎಂದು ಅರ್ಥ ಹೇಳಿದರು. ಹಿಡಿದವನು ಬೇರೆ, ಕೊಂಡವನು ಬೇರೆ, ಸಾಗಿಸಿದವನು ಬೇರೆ. ಹಡಗಿನಲ್ಲಿ ಸಿಕ್ಕಿದವನು ನಾನು ಕೊಂಡವನು ಎಂದರೆ ಸಾಕಾಗಿತ್ತು. ಹಡಗಿನ ತಳದಲ್ಲಿ ಕೂತ ಹುಡುಗನಿಗೆ ಈ ವ್ಯತ್ಯಾಸದಿಂದ ಏನು ಬಂದ ಹಾಗಾಯಿತು, ಹೇಳಿ?

1822ರಲ್ಲಿ ಇನ್ನೊಂದು ಒಪ್ಪಂದ ಆಯಿತು. ಈ ಬಾರಿ ಮಸ್ಕತ್ ಮತ್ತು ಜಾಂಜಿಬಾರ್ ಎರಡನ್ನೂ ಆಳುತ್ತಿದ್ದ ಒಮಾನಿನ ಸಯ್ಯಿದ್ ಸಯೀದ್ ಜೊತೆಗೆ. ಅದನ್ನು ಮಾಡಿಸಿದ ನೌಕಾಧಿಕಾರಿ ಕ್ಯಾಪ್ಟನ್ ಮೋರ್ಸ್‌ಬಿ. ಸಯೀದನ ಪ್ರಜೆಗಳು ಕ್ರಿಶ್ಚಿಯನ್ ದೇಶಗಳವರಿಗೆ ಗುಲಾಮರನ್ನು ಮಾರಬಾರದು ಎಂಬುದು ಒಂದು ಷರತ್ತು. ಇನ್ನೊಂದು ಷರತ್ತಿಗಾಗಿ ಸಮುದ್ರದ ಮೇಲೆ ಒಂದು ಗೆರೆ ಎಳೆದರು. ಆಫ್ರಿಕಾದ ಡೆಲ್ಗಾಡೋ ಭೂಶಿರದಿಂದ ಹೊರಟು, ಸೊಕೋತ್ರಾ ದ್ವೀಪದ ಪೂರ್ವಕ್ಕೆ ಹಾದು, ನಮ್ಮ ಕಾಠಿಯಾವಾಡದ ದೀವ್ ತನಕ ಆ ಗೆರೆ. ಅದರ ಪೂರ್ವಕ್ಕೆ ಗುಲಾಮರನ್ನು ಹೊತ್ತ ಅರಬ್ಬರ ಹಡಗು ಕಂಡರೆ ಹಿಡಿಯಬಹುದು. ಪಶ್ಚಿಮಕ್ಕೆ ಕಂಡರೆ ಸುಮ್ಮನಿರಬೇಕು.

ನಿಮ್ಮ ಮಕ್ಕಳ ಅಟ್ಲಾಸ್ ತೆಗೆದು ಬೆರಳಿನಿಂದ ಆ ಗೆರೆಯನ್ನು ಎಳೆದು ನೋಡಿ. ಭಾರತ ಗೆರೆಯ ಈಚೆಗಿದೆ. ಸಕ್ಕರೆ ತೋಟಗಳ ಮಾರಿಷಸ್ ಕೂಡ ಈಚೆಗಿದೆ. ಅಂದರೆ ಬ್ರಿಟಿಷರ ನೆಲಕ್ಕೆ ಗುಲಾಮರು ಬರಬಾರದು. ಜಾಂಜಿಬಾರಿನಿಂದ ಮಸ್ಕತ್ತಿಗೆ, ಕೊಲ್ಲಿಯ ಊರುಗಳಿಗೆ ಹೋಗುವ ದಾರಿ ಪೂರ್ತಿ ಗೆರೆಯ ಆಚೆಗೆ. ಅಲ್ಲಿ ಖರ್ಜೂರದ ತೋಟಗಳಿಗೆ, ಮುತ್ತು ತೆಗೆಯುವ ದೋಣಿಗಳಿಗೆ ಆಳು ಬೇಕಿತ್ತು. ಒಮಾನಿನ ದೊರೆ ಕಂಪನಿಯ ಸ್ನೇಹಿತ. ಗುಲಾಮರ ಮೇಲಿನ ಸುಂಕ ಅವನ ಆದಾಯ. ಸ್ನೇಹಿತನ ಆದಾಯಕ್ಕೆ ಪೂರ್ತಿ ಕೈ ಹಾಕುವ ಮನಸ್ಸು ಮುಂಬಯಿ ಸರ್ಕಾರಕ್ಕೆ ಇರಲಿಲ್ಲ.

ಸ್ವಂತ ಮನೆಯ ಸ್ಥಿತಿಯನ್ನೂ ನೋಡಿ. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದ 1833ರ ಕಾನೂನು, ಕಂಪನಿ ಆಳುತ್ತಿದ್ದ ಭಾರತವನ್ನು ಹೊರಗಿಟ್ಟಿತ್ತು. ಇಲ್ಲಿ ಗುಲಾಮಗಿರಿಗೆ ಕೋರ್ಟಿನ ಬೆಂಬಲ ತಪ್ಪಿದ್ದು 1843ರ ಕಾನೂನಿನಿಂದ. ಗುಲಾಮರನ್ನು ಇಟ್ಟುಕೊಳ್ಳುವುದು ಅಪರಾಧ ಎನಿಸಿದ್ದು 1860ರ ದಂಡ ಸಂಹಿತೆಯಲ್ಲಿ.

1845ರಲ್ಲಿ ಸಯೀದನೊಂದಿಗೆ ಮತ್ತೊಂದು ಒಪ್ಪಂದ ಆಯಿತು. 1847ರಿಂದ ಆಫ್ರಿಕಾದಿಂದ ಅರೇಬಿಯಾಕ್ಕೆ ಗುಲಾಮರನ್ನು ಕಳಿಸುವಂತಿಲ್ಲ. ಆದರೆ ಸಯೀದನದೇ ಆದ ಆಫ್ರಿಕಾದ ಬಂದರುಗಳ ನಡುವೆ ಸಾಗಿಸಬಹುದು! ಕಿಲ್ವಾದಿಂದ ಜಾಂಜಿಬಾರಿಗೆ ಬಂದ ಹಡಗು ಕಾನೂನಿನ ಒಳಗಿತ್ತು. ಅದೇ ಹಡಗು ನೈರುತ್ಯ ಗಾಳಿ ಏಳುವುದನ್ನು ಕಾದು ರಾತ್ರಿ ಉತ್ತರಕ್ಕೆ ಜಾರಿದರೆ ಹಿಡಿಯುವವರು ಯಾರು? 1862ರಿಂದ 1867ರ ನಡುವಿನ ಐದು ವರ್ಷಗಳಲ್ಲಿ ಕಿಲ್ವಾ ಬಂದರೊಂದರಿಂದಲೇ ಸುಂಕದ ಲೆಕ್ಕಕ್ಕೆ ಸಿಕ್ಕಿದ ಗುಲಾಮರು 97,000ಕ್ಕೂ ಹೆಚ್ಚು. ಕಳ್ಳದಾರಿಯಲ್ಲಿ ಹೋದವರು ಈ ಲೆಕ್ಕದಲ್ಲಿಲ್ಲ.

ಹಿಡಿಯುವ ಕೆಲಸಕ್ಕೆ ಇದ್ದ ಹಡಗುಗಳು ಬೆರಳೆಣಿಕೆಯಷ್ಟು. ಮುಂಬಯಿಯ ಇಂಡಿಯನ್ ನೇವಿಯನ್ನು 1863ರಲ್ಲಿ ಮುಚ್ಚಿದ ಮೇಲೆ ಆ ಹೊಣೆ ಬ್ರಿಟನ್ನಿನ ರಾಯಲ್ ನೇವಿಗೆ ಬಿತ್ತು. ನಾವಿಕರು ಉರಿಬಿಸಿಲಿನಲ್ಲಿ ತೆರೆದ ದೋಣಿಗಳಲ್ಲಿ ದಿನಗಟ್ಟಲೆ ಕಾದರು, ಜ್ವರದಿಂದ ಸತ್ತರು, ನಿಜವಾಗಿ ಬಹಳ ಜನರನ್ನು ಬಿಡಿಸಿದರು. ಅದನ್ನು ಮರೆಯಬಾರದು. ಆದರೆ ಬಿಡಿಸಿದ ತಲೆಗೆ ಇಷ್ಟು, ಹಿಡಿದ ಹಡಗಿನ ಟನ್ನಿಗೆ ಇಷ್ಟು ಎಂದು ಅವರಿಗೆ ಇನಾಮು ಇತ್ತು. ಹಿಡಿದ ಹಡಗನ್ನು ಕೋರ್ಟಿನ ತನಕ ಎಳೆದೊಯ್ಯುವುದು ಕಷ್ಟವೆಂದು ಅಲ್ಲೇ ಸುಟ್ಟುಬಿಡುವುದೂ ಇತ್ತು. ಸಾಕ್ಷಿಯೇ ಸುಟ್ಟುಹೋದ ಮೇಲೆ, ಅದು ಗುಲಾಮರ ಹಡಗೋ ಲವಂಗದ ಹಡಗೋ ಹೇಳುವವರಾರು? ತಪ್ಪಿಲ್ಲದ ವ್ಯಾಪಾರಿಗಳ ಹಡಗುಗಳೂ ಹೀಗೆ ಬೂದಿಯಾದವು ಎಂಬ ದೂರುಗಳು ಬಂದವು. ಕಳ್ಳರನ್ನು ಹಿಡಿಯಲು ಬಂದವರನ್ನು ಆ ದಡದ ಜನ ಏನೆಂದು ಕರೆದಿರಬಹುದು, ನೀವೇ ಊಹಿಸಿ.

ನಮ್ಮವರ ಪಾಲನ್ನೂ ಮುಚ್ಚಿಡುವಂತಿಲ್ಲ. ಜಾಂಜಿಬಾರಿನ ಸುಂಕದ ಗುತ್ತಿಗೆ ಬಹುಕಾಲ ಕಚ್ಛ್ ಮೂಲದ ಜೈರಾಮ್ ಶಿವಜಿ ಎಂಬ ಭಾಟಿಯಾ ವ್ಯಾಪಾರಿಯ ಪೇಢಿಯ ಕೈಯಲ್ಲಿತ್ತು. ತಲೆಗಿಷ್ಟು ಎಂಬ ಸುಂಕ ಸೇರುತ್ತಿದ್ದದ್ದು ಆ ಲೆಕ್ಕದ ಪುಸ್ತಕಕ್ಕೇ. ಅಲ್ಲಿ ನೆಲೆಸಿದ್ದ ಭಾರತೀಯರ ಮನೆ, ತೋಟಗಳಲ್ಲೂ ಗುಲಾಮರಿದ್ದರು. 1860ರ ಸುಮಾರಿಗೆ ಬ್ರಿಟಿಷ್ ಕಾನ್ಸಲ್ ರಿಗ್ಬಿ, ಭಾರತೀಯರು ಬ್ರಿಟಿಷ್ ಪ್ರಜೆಗಳು ಎಂಬ ಕಾರಣ ಹಿಡಿದು, ಅವರ ಬಳಿಯಿದ್ದ ಸಾವಿರಾರು ಗುಲಾಮರನ್ನು ಬಿಡುಗಡೆ ಮಾಡಿಸಿದ.

ಕೊನೆಗೆ 1873ರ ಆರಂಭದಲ್ಲಿ ಮುಂಬಯಿಯ ಮಾಜಿ ಗವರ್ನರ್ ಬಾರ್ಟಲ್ ಫ್ರೇರ್ ಜಾಂಜಿಬಾರಿಗೆ ಹೋದ. ಸುಲ್ತಾನ ಬರ್ಗಶ್ ಒಪ್ಪಲಿಲ್ಲ. ಬಂದರಿಗೆ ನೌಕಾ ದಿಗ್ಬಂಧನ ಹಾಕುತ್ತೇವೆಂದು ಬೆದರಿಸಿದ ಮೇಲೆ ಜೂನ್ 5, 1873ರಂದು ಸಹಿ ಬಿತ್ತು. ಸಮುದ್ರದ ಮೇಲೆ ಗುಲಾಮರ ಸಾಗಣೆ ಪೂರ್ತಿ ನಿಷೇಧವಾಯಿತು, ಜಾಂಜಿಬಾರಿನ ಗುಲಾಮರ ಸಂತೆ ಮುಚ್ಚಿತು. ಕಳ್ಳಸಾಗಣೆ ಆಮೇಲೂ ನಡೆಯಿತು, ಆ ದ್ವೀಪದಲ್ಲಿ ಗುಲಾಮಗಿರಿಯೇ ರದ್ದಾಗಲು 1897 ಬರಬೇಕಾಯಿತು. ಆದರೆ 1820ರಲ್ಲಿ ಥಾಮ್ಸನ್ ಬರೆದ ಸಾಲಿಗೆ ಅದರ ನಿಜವಾದ ಅರ್ಥ ಸಿಕ್ಕಿದ್ದು ಆ ದಿನ. ನಡುವೆ 53 ವರ್ಷ. ಕಂಪನಿಯ ಸರಕು ದೋಚಿದವರ ಊರನ್ನು ಬೀಳಿಸಲು ಎರಡು ತಿಂಗಳು ಹಿಡಿಯಲಿಲ್ಲ. ಮನುಷ್ಯರೇ ಸರಕಾದಾಗ ಅರ್ಧ ಶತಮಾನ ಬೇಕಾಯಿತು.

ಬಿಡುಗಡೆಯಾದವರು ಎಲ್ಲಿ ಹೋದರು? ಊರಿಗೆ ಮರಳಿದವರು ಕಡಿಮೆ. ಹಲವರನ್ನು ಏಡನ್‌ಗೆ, ಮುಂಬಯಿಗೆ ತಂದು ಇಳಿಸಿದರು. ಮಕ್ಕಳನ್ನು ಮಿಷನ್ನುಗಳಿಗೆ, ಮನೆಕೆಲಸಕ್ಕೆ ಹಂಚಿದರು. ಗಂಡಸರಲ್ಲಿ ಅನೇಕರು ಸೀದಿ ಎಂಬ ಹೆಸರಿನಲ್ಲಿ ಹಡಗು ಸೇರಿ ಹಬೆಯಂತ್ರದ ಒಲೆಗೆ ಕಲ್ಲಿದ್ದಲು ಹಾಕಿದರು. ಗುಲಾಮರ ಹಡಗನ್ನು ಬೆನ್ನಟ್ಟುವ ಹಡಗಿನ ಹೊಟ್ಟೆಯಲ್ಲೂ ಅವರೇ ಬೆವರು ಸುರಿಸಿದರು.

ನಾಸಿಕಕ್ಕೆ ಹೋದವರು ಶರಣ್‌ಪುರ್ ರಸ್ತೆಯನ್ನು ನೋಡಿರುತ್ತೀರಿ. ಆ ಶರಣ್‌ಪುರದ ಮಿಷನ್ನಿನಲ್ಲಿ ಆಫ್ರಿಕನ್ ಮಕ್ಕಳಿಗಾಗಿ ಒಂದು ಆಶ್ರಮವಿತ್ತು. ಬಡಗಿ ಕೆಲಸ, ಕಮ್ಮಾರಿಕೆ, ಓದು ಬರಹ ಕಲಿಸುತ್ತಿದ್ದರು. ಅಲ್ಲಿ ಓದಿದ ಜೇಕಬ್ ವೇನ್‌ರೈಟ್ ಎಂಬ ತರುಣ ಮುಂದೆ ಆಫ್ರಿಕಾಕ್ಕೆ ಹೋಗಿ ಡೇವಿಡ್ ಲಿವಿಂಗ್‌ಸ್ಟನ್‌ನ ತಂಡ ಸೇರಿದ. 1873ರಲ್ಲಿ ಲಿವಿಂಗ್‌ಸ್ಟನ್ ಕಾಡಿನಲ್ಲಿ ತೀರಿಕೊಂಡಾಗ ಅಂತ್ಯಪ್ರಾರ್ಥನೆ ಓದಿದವನು, ಆ ದೇಹವನ್ನು ಸಮುದ್ರದ ದಡಕ್ಕೆ ತಂದವರಲ್ಲಿ ಒಬ್ಬನಾಗಿ, ಅದರ ಜೊತೆ ಲಂಡನ್ನಿಗೆ ಹೋದವನು ಇವನೇ. 1874ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಲಿವಿಂಗ್‌ಸ್ಟನ್‌ನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರ ಸಾಲಿನಲ್ಲಿ ನಾಸಿಕದ ಈ ಹುಡುಗನೂ ಇದ್ದ. ಮರುವರ್ಷ ಮೊಂಬಾಸಾ ಬಳಿ ಫ್ರೇರ್ ಟೌನ್ ಎಂಬ ಊರು ಕಟ್ಟಿದಾಗ ನಾಸಿಕದಿಂದ ಹೋಗಿ ನೆಲೆಸಿದವರನ್ನು ಅಲ್ಲಿಯ ಜನ ಬಾಂಬೆ ಆಫ್ರಿಕನ್ನರು ಎಂದು ಕರೆದರು.

ನಮ್ಮ ಕರ್ನಾಟಕದಲ್ಲೂ ಈ ಕಡಲಿನ ನೆನಪು ಉಳಿದಿದೆ. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನಲ್ಲಿ ಬಾಳುತ್ತಿರುವ ಸಿದ್ದಿ ಜನರ ಹಿರಿಯರಲ್ಲಿ ಹೆಚ್ಚಿನವರು ಬಂದದ್ದು ಪೋರ್ಚುಗೀಸರ ಗೋವೆಯ ಮೂಲಕ. ಮೋರ್ಸ್‌ಬಿಯ ಗೆರೆ ಎಳೆಯುವುದಕ್ಕೆ ಬಹಳ ಮುಂಚೆಯೇ ಆ ವ್ಯಾಪಾರ ಶುರುವಾಗಿತ್ತು. ಅವರ ಹಡಗನ್ನು ತಡೆದು ನಿಲ್ಲಿಸಿದವರಿರಲಿಲ್ಲ, ಬಿಡುಗಡೆಯ ಚೀಟಿ ಬರೆದುಕೊಟ್ಟವರೂ ಇರಲಿಲ್ಲ. ಯಜಮಾನರ ಮನೆಯಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಕಾಡು ಸೇರಿದವರು ತಮ್ಮ ಬಿಡುಗಡೆಯನ್ನು ತಾವೇ ಬರೆದುಕೊಂಡರು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದಾಗ ಇವರೂ ಅದೇ ಸರ್ಕಾರದ ಪ್ರಜೆಗಳಾದರು. ಆದರೆ ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನೇಮಕಗೊಂಡರು. ಆ ಸಮುದಾಯದಿಂದ ರಾಜ್ಯದ ಶಾಸನಸಭೆಗೆ ಬಂದವರಲ್ಲಿ ಅವರೇ ಮೊದಲಿಗರು.

ಕಾನೂನಿನ ಸಾಲು ವ್ಯರ್ಥ ಎಂದು ಹೇಳಲು ಇದನ್ನೆಲ್ಲ ಬರೆಯಲಿಲ್ಲ. ಥಾಮ್ಸನ್ ಆ ಸಾಲನ್ನು ಬರೆಯದೇ ಹೋಗಿದ್ದರೆ 53 ವರ್ಷದ ಮೇಲೂ ಕೇಳಲು ಏನೂ ಇರುತ್ತಿರಲಿಲ್ಲ. ಒಳ್ಳೆಯ ಕಾನೂನು ಬಂತು ಎಂದು ಪತ್ರಿಕೆಯಲ್ಲಿ ಓದಿದಾಗ ಒಂದು ಪ್ರಶ್ನೆ ಕೇಳುವ ಅಭ್ಯಾಸ ನಮಗಿರಲಿ: ಇದರ ಗೆರೆ ಎಲ್ಲಿ ಎಳೆದಿದ್ದಾರೆ, ಅದರ ಆಚೆಗೆ ಉಳಿದವರು ಯಾರು?

ಮುಂದಿನ ಸಲ ಗೇಟ್‌ವೇ ಬಳಿ ಸಮುದ್ರ ನೋಡುತ್ತ ನಿಂತಾಗ ಈ ಕಥೆ ನೆನಪಾದರೆ ಬರೆದದ್ದು ಸಾರ್ಥಕ. ಕಾರವಾರ, ಅಂಕೋಲೆ, ಹೊನ್ನಾವರದ ಕಡೆಯವರಾಗಿದ್ದು, ನಿಮ್ಮ ಮನೆಯ ಹಿರಿಯರು ಹೇಳುತ್ತಿದ್ದ ಹಡಗಿನ ಕಥೆಗಳಿದ್ದರೆ ನಮಗೆ ಬರೆದು ಕಳಿಸಿ. ಕನ್ನಡದ ಸಮಯದಲ್ಲಿ ಓದೋಣ.