ಬಸರೂರು: ಪೆನುಕೊಂಡದ ನಂಟಿರುವ ಹಳೆಯ ಬಂದರು

ಬಸರೂರು ಉಡುಪಿ ಜಿಲ್ಲೆಯ ಕುಂದಾಪುರ ತಾಲೂಕಿನಲ್ಲಿ ವಾರಾಹಿ ನದಿಯ ದಡದಲ್ಲಿರುವ ಊರು. ಹಳೆಯ ಹೆಸರು ವಸುಪುರ. ಪೋರ್ಚುಗೀಸರ ಬಾಯಲ್ಲಿ ಇದು ಬಾರ್ಸೆಲೋರ್ ಆಯಿತು. ಈಗ ಇಲ್ಲಿ ಬಂದರು ಇಲ್ಲ. ಆದರೂ ಈ ಊರಿನ ಕಥೆ ನಮ್ಮ ಗಡಿ ಭಾಗದವರಿಗೆ ದೂರದ್ದೇನೂ ಅಲ್ಲ.

ಏಳಿಗೆ: ವಾರಾಹಿಯೂ ಸೇರಿ ಐದು ನದಿಗಳು ಗಂಗೊಳ್ಳಿಯ ಬಳಿ ಒಟ್ಟುಗೂಡಿ ಕಡಲು ಸೇರುತ್ತವೆ. ಅಲ್ಲಿಂದ ಕೆಲವೇ ಕಿಲೋಮೀಟರ್ ಒಳಗಿರುವ ಬಸರೂರಿಗೆ ಕಡಲಿನ ಅಬ್ಬರ ತಟ್ಟುತ್ತಿರಲಿಲ್ಲ. ವಿಜಯನಗರದ ಕಾಲದಲ್ಲಿ ಇದು ಬಾರಕೂರು ರಾಜ್ಯಕ್ಕೆ ಸೇರಿತ್ತು. ಊರಿನ ವ್ಯವಹಾರವನ್ನು ಸೆಟ್ಟಿ ವರ್ತಕರೇ ಕೂಡಿ ನಡೆಸುತ್ತಿದ್ದರು. ಇಲ್ಲಿನ ಅಕ್ಕಿಗಾಗಿ ಹೋರ್ಮುಜ್, ಏಡನ್ ಕಡೆಯ ಹಡಗುಗಳು ಬರುತ್ತಿದ್ದವು. ಗೋವಾದ ಪೋರ್ಚುಗೀಸರಿಗೂ ಈ ಕರಾವಳಿಯ ಅಕ್ಕಿಯೇ ಆಧಾರ.

ಪತನ: 1565ರ ತಾಳಿಕೋಟೆ ಯುದ್ಧದಲ್ಲಿ ವಿಜಯನಗರ ಸೋತಿತು. ತಿರುಮಲರಾಯನು ರಾಜಧಾನಿಯನ್ನು ನಮ್ಮ ಪಕ್ಕದ ಪೆನುಕೊಂಡಕ್ಕೆ ತಂದನು. ಘಟ್ಟದ ಕೆಳಗಿನ ಬಂದರುಗಳಿಗೆ ಬೆನ್ನ ಹಿಂದಿದ್ದ ಬಲ ಕುಂದಿತು. ನಾಲ್ಕೇ ವರ್ಷದಲ್ಲಿ, 1569ರಲ್ಲಿ, ವೈಸ್‌ರಾಯ್ ಲೂಯಿಸ್ ದ ಅತೈದೆಯ ಪಡೆ ಬಸರೂರನ್ನು ಹಿಡಿಯಿತು. ಸಾಮ್ರಾಜ್ಯಕ್ಕೆ ಬಿದ್ದ ಏಟಿನ ಫಲವನ್ನು ಪೆನುಕೊಂಡವೂ ಬಸರೂರೂ ಒಂದೊಂದು ರೀತಿಯಲ್ಲಿ ಕಂಡವು: ಒಂದಕ್ಕೆ ರಾಜಧಾನಿಯ ಪಟ್ಟ, ಇನ್ನೊಂದಕ್ಕೆ ಪರರ ಕೋಟೆ.

ಸುಮಾರು ಎಂಬತ್ತು ವರ್ಷಗಳ ನಂತರ, 1650ರ ದಶಕದಲ್ಲಿ, ಕೆಳದಿಯ ಶಿವಪ್ಪನಾಯಕನು ಪೋರ್ಚುಗೀಸರನ್ನು ಹೊರಗಟ್ಟಿದನು. 1665ರಲ್ಲಿ ಶಿವಾಜಿ ಕಡಲ ಮಾರ್ಗವಾಗಿ ಬಂದು ಊರನ್ನು ಲೂಟಿ ಮಾಡಿದನು. 1763ರಲ್ಲಿ ಹೈದರಾಲಿ ಕೆಳದಿ ರಾಜ್ಯವನ್ನು ಗೆದ್ದ ಮೇಲೆ ಮಂಗಳೂರೇ ಮುಖ್ಯ ಬಂದರಾಯಿತು. ಬಸರೂರು ಮೆಲ್ಲನೆ ಹಿಂದೆ ಬಿತ್ತು.

ಈಗ ಉಳಿದಿರುವುದು: ಮಹಾಲಿಂಗೇಶ್ವರ ದೇವಸ್ಥಾನ, ಅಲ್ಲಿನ ಶಾಸನಗಳು, ಆಲದ ಬೇರುಗಳೇ ಗೋಡೆಯಾಗಿ ನಿಂತಿರುವ ತುಳುವೇಶ್ವರ ಗುಡಿ. ಹಿಂದೂಪುರದಿಂದ ಹೋಗುವವರು ಬೆಂಗಳೂರಿನಲ್ಲಿ ಕಾರವಾರದ ರೈಲು ಹಿಡಿದು ಕುಂದಾಪುರದಲ್ಲಿ ಇಳಿಯಬಹುದು. ಅಲ್ಲಿಂದ ಬಸರೂರು ಹತ್ತಿರ.

ಸದಸ್ಯರಲ್ಲಿ ಒಂದು ವಿನಂತಿ. ಬಸರೂರಿನಲ್ಲಿ ವರ್ತಕರು ಹೇಗೆ ಬಾಳಿದರೆಂದು ತಿಳಿಸುವುದು ಅಲ್ಲಿ ಉಳಿದ ಕಲ್ಲುಗಳು. ನಮ್ಮ ಹೇಮಾವತಿಯಿಂದ ಕಲ್ಯಾಣದುರ್ಗದವರೆಗಿನ ಸೀಮೆಯಲ್ಲೂ ಕನ್ನಡ ಶಾಸನಗಳಿವೆ. ನಿಮ್ಮೂರಿನಲ್ಲಿ ಅಂಥ ಕಲ್ಲು ಕಂಡರೆ ಸುಣ್ಣ ಬಳಿಯದಂತೆ, ಕಟ್ಟಡಕ್ಕೆ ಬಳಸದಂತೆ ನೋಡಿಕೊಳ್ಳಿ. ಫೋಟೋ ತೆಗೆದು ಸಂಘಕ್ಕೆ ತಿಳಿಸಿ.

– ಕಾರ್ಯದರ್ಶಿ